ಮರೆವಿನ ರೋಗವೂ ಸ್ಪರ್ಶ ಸಂಗೀತಗಳೂ

ವೃದ್ಧಾಪ್ಯದಲ್ಲಿ ಬುದ್ಧಿ ಕದಡುವುದಕ್ಕೆ ನಮ್ಮ ಜನರು ಬಹು ಹಿಂದಿನಿಂದಲೂ 'ಅರಳುಮರಳು' ಎಂಬ ಹೆಸರನ್ನು ಕೊಟ್ಟಿದ್ದಾರೆ. ಅರವತ್ತಕ್ಕೆ ಅರಳುಮರಳು ಎಂಬ ಗಾದೆಯನ್ನು ಕೇಳದ ಕನ್ನಡಿಗರು ವಿರಳ. ಬೇಂದ್ರೆಯವರು ಈ ಮಾತನ್ನೇ ತಮ್ಮ ಕವನಸಂಪುಟವೊಂದಕ್ಕೆ ಹೆಸರಾಗಿಟ್ಟುದೂ, ಆ ಸಂಪುಟಕ್ಕೆ ೧೯೫೮ರಲ್ಲಿ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದುದೂ ವಾಚಕರಿಗೆ ತಿಳಿದೇ ಇದೆ. ಗಾದೆಯಲ್ಲಿ ಸ್ವಲ್ಪ ಪರಿಹಾಸವೂ ಸ್ವಲ್ಪ ಕ್ಷಮೆಯೂ ಬೆರೆತಿವೆ. ಆದರೆ ಹೆತ್ತ ತಾಯಿಯು ಮಗನ ಮುಖವನ್ನು ನೋಡಿ 'ನೀನು ಯಾರ ಮನೆಯವನಪ್ಪಾ?' ಎಂದು ಕೇಳುವ ದಿವಸ ಬಂದಿತೆಂದರೆ ಪರಿಹಾಸವು ಅಲ್ಲಿಗೇ ನಿಂತುಹೋಗುತ್ತದೆ. ಅದು ವಯಸ್ಸಿನ ಸಹಜವಾದ ಮರೆವಲ್ಲ, ಮಿದುಳಿನ ರೋಗ. ವೈದ್ಯರು ಇದನ್ನು ಡಿಮೆನ್ಷಿಯ ಎನ್ನುತ್ತಾರೆ. ಇದು ಒಂದೇ ರೋಗದ ಹೆಸರಲ್ಲ, ಹಲವು ರೋಗಗಳಿಗೆ ಸಲ್ಲುವ ಸಾಮಾನ್ಯ ಹೆಸರು. ಅವುಗಳಲ್ಲಿ ಆಲ್ಝೈಮರ್ ರೋಗವೇ ಹೆಚ್ಚು ಜನರಲ್ಲಿ ಕಾಣಬರುವಂಥದು.

ಈ ರೋಗದ ಔಷಧೋಪಚಾರವನ್ನು ವಿವರಿಸುವುದು ಪ್ರಕೃತ ಲೇಖನದ ಉದ್ದೇಶವಲ್ಲ. ನೆನಪೂ ಮಾತೂ ಅಡಗಿದ ಮೇಲೆ ಆ ಮನುಷ್ಯನ ಬಳಿಗೆ ಹೋಗಲು ಬೇರೆ ಯಾವುದಾದರೂ ದಾರಿ ಉಂಟೆ ಎಂಬ ಪ್ರಶ್ನೆಯನ್ನು ಯಾರು ಯಾರು ಹೇಗೆ ಹೇಗೆ ಕೇಳುತ್ತ ಬಂದರೆಂಬ ಚರಿತ್ರೆಯನ್ನು ಮಾತ್ರ ಇಲ್ಲಿ ನಿರೂಪಿಸಬೇಕೆಂದಿದ್ದೇವೆ. ಕೈಯ ಸ್ಪರ್ಶವೂ ಹಾಡೂ ಆ ದಾರಿಗಳೆಂದು ಈಗ ಎಲ್ಲರೂ ಹೇಳುತ್ತಾರೆ. ಆದರೆ ಅದು ತಿಳಿದುಬಂದ ಬಗೆಯು ವಿಚಿತ್ರವಾದುದು. ವಿದ್ವಾಂಸರು ತಿಳಿಯುವ ಮೊದಲೇ ದಾದಿಯರೂ ಮನೆಯವರೂ ಅದನ್ನು ಮಾಡುತ್ತಿದ್ದರು. ವಿದ್ವಾಂಸರು ಪರೀಕ್ಷಿಸಿದಾಗಲಾದರೋ ಬಹುಕಾಲ ತಪ್ಪಾದ ಅಳತೆಗೋಲಿನಿಂದ ಅಳೆದು, ಏನೂ ಸಿಕ್ಕಲಿಲ್ಲವೆಂದು ಕೈಬಿಟ್ಟರು.

ಆ ಅಳತೆಗೋಲು ಯಾವುದೆಂಬುದು ಫ್ರಾನ್ಸಿನ ವೈದ್ಯನಾದ ಎಸ್ಕಿರೋಲನ ಪ್ರಯತ್ನದಿಂದ ಚೆನ್ನಾಗಿ ಗೊತ್ತಾಗುತ್ತದೆ. ಹುಟ್ಟಿನಿಂದ ಬುದ್ಧಿಯಿಲ್ಲದವನಿಗೂ ಆಮೇಲೆ ಬುದ್ಧಿಯನ್ನು ಕಳೆದುಕೊಂಡವನಿಗೂ ಇರುವ ಭೇದವನ್ನು ಈತನು ೧೮೩೮ರ ತನ್ನ ದೊಡ್ಡ ಗ್ರಂಥದಲ್ಲಿ ಸ್ಪಷ್ಟವಾಗಿ ಹೇಳಿದನು: ಮೊದಲನೆಯವನು ಎಂದೆಂದಿಗೂ ಬಡವ, ಎರಡನೆಯವನು ಸಿರಿವಂತನಾಗಿದ್ದು ಬಡವನಾದವನು. ಈ ಹೋಲಿಕೆಯು ಇಂದಿಗೂ ವೈದ್ಯರ ಬಾಯಲ್ಲಿದೆ. ಇದೇ ಎಸ್ಕಿರೋಲನು ಪ್ಯಾರಿಸಿನ ಸಾಲ್ಪೆಟ್ರಿಯೇರ್ ಆಸ್ಪತ್ರೆಯಲ್ಲಿ ೧೮೨೪-೨೫ರ ಬೇಸಗೆಗಳಲ್ಲಿ ನಗರದ ಒಳ್ಳೆಯ ವಾದ್ಯಗಾರರನ್ನು ಕರೆಯಿಸಿ, ಆರಿಸಿದ ರೋಗಿಣಿಯರ ಮುಂದೆ ಕಛೇರಿಗಳನ್ನು ನಡೆಯಿಸಿದನು. ಹೆಂಗಸರು ಕೇಳಿದರು, ಕೆಲವರು ಕಣ್ಣೀರಿಟ್ಟರು, ಕೆಲವರು ಹರ್ಷಪಟ್ಟರು, ಮನಸ್ಸಿಗೆ ನೆಮ್ಮದಿಯೂ ಉಂಟಾಯಿತು. ಆದರೆ ಯಾರಿಗೂ ರೋಗ ವಾಸಿಯಾಗಲಿಲ್ಲ. ಸಂಗೀತವು ಸಂತೈಸಬಲ್ಲದು, ಗುಣಪಡಿಸಲಾರದು ಎಂಬುದು ಅವನ ತೀರ್ಮಾನವಾಯಿತು. ಈ ತೀರ್ಮಾನದಲ್ಲಿ ಸುಳ್ಳಿಲ್ಲ. ಆದರೆ ಅದರ ಮೊದಲನೆಯ ಅರ್ಧವನ್ನು ಲೋಕವು ಬೇಗನೆ ಮರೆತು, ಎರಡನೆಯ ಅರ್ಧವನ್ನು ಮಾತ್ರ ನೆನಪಿನಲ್ಲಿಟ್ಟುಕೊಂಡಿತು. ಗುಣವಾಗದವನಿಗೆ ಸಾಂತ್ವನ ಸಿಕ್ಕಿದರೆ ಅದೇನು ಅಲ್ಪಲಾಭವೆ ಎಂದು ಕೇಳುವವರು ಬಹುಕಾಲದವರೆಗೆ ಯಾರೂ ಹುಟ್ಟಲಿಲ್ಲ.

ಹಾಡು ಬಾಜನೆಗಳು ಆಸ್ಪತ್ರೆಗಳಿಂದ ಮಾತ್ರ ತೀರ ಮಾಯವಾಗಲಿಲ್ಲ. ಇಂಗ್ಲೆಂಡಿನ ವೂಸ್ಟರ್ ಪಟ್ಟಣದ ಹತ್ತಿರ ಪೊವಿಕ್ ಎಂಬಲ್ಲಿದ್ದ ಹುಚ್ಚರ ಆಸ್ಪತ್ರೆಯಲ್ಲಿ ಪರಿಚಾರಕರದೇ ಒಂದು ವಾದ್ಯಮೇಳವಿತ್ತು. ೧೮೭೯ರಿಂದ ೧೮೮೪ರವರೆಗೆ ಆ ಮೇಳದ ನಾಯಕನಾಗಿದ್ದ ತರುಣನು ಮುಂದೆ ಜಗತ್ಪ್ರಸಿದ್ಧನಾದ ಎಡ್ವರ್ಡ್ ಎಲ್ಗರ್ ಎಂಬುದನ್ನು ಕೇಳಿದರೆ ಅನೇಕರಿಗೆ ಆಶ್ಚರ್ಯವಾದೀತು. ರೋಗಿಗಳು ಕುಣಿಯುವುದಕ್ಕೆಂದು ಆತನು ಹಲವು ನೃತ್ಯಗತಿಗಳನ್ನು ರಚಿಸಿಕೊಟ್ಟನು. ಇದು ವಿನೋದದ ಲೆಕ್ಕದಲ್ಲಿ ನಡೆಯಿತೇ ಹೊರತು ಚಿಕಿತ್ಸೆಯ ಲೆಕ್ಕದಲ್ಲಿ ಅಲ್ಲ.

ಇನ್ನು ನಮ್ಮ ಕಥೆಯು ಜರ್ಮನಿಯ ಫ್ರಾಂಕ್‌ಫರ್ಟಿಗೆ ಬರುತ್ತದೆ. ೧೯೦೧ನೆಯ ಇಸವಿ ನವೆಂಬರ್ ೨೫ರಂದು ಅಲ್ಲಿಯ ಮಾನಸಿಕ ರೋಗಿಗಳ ಆಸ್ಪತ್ರೆಗೆ ಆಗುಸ್ಟೆ ಡೀಟರ್ ಎಂಬ ೫೧ ವರ್ಷದ ಗೃಹಿಣಿಯನ್ನು ಕರೆತಂದರು. ಆಕೆಯನ್ನು ಪರೀಕ್ಷಿಸಿದವರು ಆಲೋಯ್ಸ್ ಆಲ್ಝೈಮರ್. ಅವರು ಬರೆದಿಟ್ಟ ಕಡತವು ಬಹುಕಾಲ ಕಣ್ಮರೆಯಾಗಿದ್ದು ೧೯೯೫ರಲ್ಲಿ ಫ್ರಾಂಕ್‌ಫರ್ಟಿನಲ್ಲಿಯೇ ದೊರೆಯಿತು. ಅದನ್ನು ಓದಿದವರ ಮನಸ್ಸು ಕರಗದಿರದು. ವೈದ್ಯರು ಹೆಸರೇನೆಂದು ಕೇಳುತ್ತಾರೆ, ಆಗುಸ್ಟೆ ಎನ್ನುತ್ತಾಳೆ. ಗಂಡನ ಹೆಸರೇನೆಂದು ಕೇಳಿದರೆ ಅದಕ್ಕೂ ಆಗುಸ್ಟೆ ಎಂದೇ ಉತ್ತರ. ಸೀಸದಕಡ್ಡಿ, ಲೇಖನಿ, ಹಣದ ಚೀಲ, ಬೀಗದಕೈ ಇವುಗಳನ್ನು ತೋರಿಸಿದರೆ ಸರಿಯಾಗಿ ಹೆಸರಿಸುತ್ತಾಳೆ. ಊಟದ ಹೊತ್ತಿನಲ್ಲಿ ಹೂಕೋಸನ್ನೂ ಮಾಂಸವನ್ನೂ ತಿನ್ನುತ್ತಿರುವಾಗ ಏನು ತಿನ್ನುತ್ತಿರುವೆಯೆಂದು ಕೇಳಿದರೆ ಬಸಳೆಯಂಥ ಒಂದು ಸೊಪ್ಪಿನ ಹೆಸರನ್ನು ಹೇಳುತ್ತಾಳೆ. ತನ್ನ ಹೆಸರನ್ನು ಬರೆಯಲು ಹೇಳಿದರೆ 'ಶ್ರೀಮತಿ' ಎಂಬುದನ್ನು ಬರೆದು, ಮುಂದಿನದನ್ನು ಮರೆತುಬಿಡುತ್ತಾಳೆ. ತಾನು ತನ್ನನ್ನೇ ಕಳೆದುಕೊಂಡಿರುವೆನೆಂಬ ಅರ್ಥದ ಮಾತನ್ನೂ ಆಕೆ ಆಡಿದಳೆಂದು ದಾಖಲೆಯಿದೆ.

ಪ್ರಶ್ನೆ ಕೇಳುವುದು ವೈದ್ಯನ ಧರ್ಮ, ಅದರಲ್ಲಿ ಲೋಪವಿಲ್ಲ. ಆಲ್ಝೈಮರ್ ಅವರು ಕರುಣಾಳುಗಳೂ ಹೌದು. ಅವರೂ ಅವರ ಮೇಲಧಿಕಾರಿ ಎಮಿಲ್ ಸಿಯೋಲಿಯವರೂ ರೋಗಿಗಳನ್ನು ಕಟ್ಟಿಹಾಕುವ ಪದ್ಧತಿಯನ್ನು ಬಿಟ್ಟು, ಉದ್ವಿಗ್ನರಾದವರನ್ನು ಬೆಚ್ಚನೆಯ ನೀರಿನ ತೊಟ್ಟಿಯಲ್ಲಿ ದೀರ್ಘಕಾಲ ಕುಳ್ಳಿರಿಸಿ ಶಾಂತಗೊಳಿಸುತ್ತಿದ್ದರು. ಚರ್ಮದ ಮೂಲಕ ಮನಸ್ಸನ್ನು ಮುಟ್ಟಬಹುದೆಂಬ ತಿಳಿವಳಿಕೆಯು ಅದರಲ್ಲಿ ಅಡಗಿತ್ತೆನ್ನಬಹುದು. ಆದರೆ ಕಡತದಲ್ಲಿ ಉಳಿದುಬಂದದ್ದು ಪ್ರಶ್ನೋತ್ತರವೇ. ೧೯೦೬ರ ಏಪ್ರಿಲ್ ೮ರಂದು ಆಕೆ ತೀರಿಕೊಂಡಳು. ಅದೇ ವರ್ಷ ನವೆಂಬರ್ ೩ರಂದು ಟ್ಯೂಬಿಂಗನ್ನಿನಲ್ಲಿ ನಡೆದ ವೈದ್ಯರ ಸಭೆಯಲ್ಲಿ ಆಲ್ಝೈಮರ್ ಅವರು ಆಕೆಯ ಮಿದುಳಿನಲ್ಲಿ ತಾವು ಸೂಕ್ಷ್ಮದರ್ಶಕದಿಂದ ಕಂಡ ಗಂಟುಗಳನ್ನೂ ಕಲೆಗಳನ್ನೂ ವರ್ಣಿಸಿದರು. ಸಭೆಯಲ್ಲಿ ಒಬ್ಬರೂ ಪ್ರಶ್ನೆ ಕೇಳಲಿಲ್ಲ. ೧೯೧೦ರಲ್ಲಿ ಕ್ರೆಪೆಲಿನ್ ಅವರು ತಮ್ಮ ಗ್ರಂಥದಲ್ಲಿ ಈ ರೋಗಕ್ಕೆ ಆಲ್ಝೈಮರ್ ಅವರ ಹೆಸರನ್ನಿಟ್ಟರು. ಅಲ್ಲಿಂದ ಮುಂದೆ ಅರ್ಧ ಶತಮಾನಕ್ಕೂ ಹೆಚ್ಚು ಕಾಲ ವಿದ್ವಾಂಸರ ದೃಷ್ಟಿಯೆಲ್ಲ ಮಿದುಳಿನ ಮೇಲೆಯೇ ಇತ್ತು. ಮಿದುಳಿನ ಒಡೆಯನು ಆಸ್ಪತ್ರೆಯ ಮೂಲೆಯಲ್ಲಿ ಕುರ್ಚಿಯ ಮೇಲೆ ಕುಳಿತೇ ಇದ್ದನು.

ಈ ಕುರ್ಚಿಯ ಕಡೆಗೆ ತಿರುಗಿ ನೋಡಿದವರಲ್ಲಿ ಅಮೆರಿಕದ ಜೇಮ್ಸ್ ಫಾಲ್ಸಮ್ ಒಬ್ಬರು. ಕಾನ್ಸಾಸ್ ಸಂಸ್ಥಾನದ ಟೊಪೀಕದಲ್ಲಿ ೧೯೫೮ರಲ್ಲಿ ಮೊದಲುಮಾಡಿ, ಆಮೇಲೆ ಅಲಬಾಮದ ಟಸ್ಕಲೂಸದಲ್ಲಿ ಅವರು ಬೆಳೆಯಿಸಿದ ಪದ್ಧತಿಯನ್ನು ವಸ್ತುಸ್ಥಿತಿಯ ಬೋಧನೆ ಎನ್ನಬಹುದು. ಇಂದು ಯಾವ ವಾರ, ಇದು ಯಾವ ಊರು, ಮುಂದಿನ ಊಟ ಯಾವುದು ಎಂಬುದನ್ನು ಹಲಗೆಯ ಮೇಲೆ ಬರೆದಿಟ್ಟು ರೋಗಿಗೆ ಮತ್ತೆ ಮತ್ತೆ ಹೇಳಿಕೊಡುವುದು ಈ ಪದ್ಧತಿಯ ತಿರುಳು. ಮುದುಕರಿಗೆ ಏನೂ ಬೇಡವೆಂದು ಸುಮ್ಮನಿದ್ದ ಕಾಲದಲ್ಲಿ ಇದು ದೊಡ್ಡ ಮುನ್ನಡೆಯೇ ಸರಿ. ರೋಗದ ಮೊದಮೊದಲಲ್ಲಿ ಇದರಿಂದ ಸ್ವಲ್ಪ ಪ್ರಯೋಜನವೂ ಉಂಟು. ಆದರೆ ರೋಗವು ಬಲಿತವರಲ್ಲಿ ಇದು ದಿನದಿನದ ಜಗಳವಾಗಿ ಪರಿಣಮಿಸಿತು. ತಾಯಿಗಾಗಿ ಹಂಬಲಿಸುವ ಎಂಬತ್ತೈದರ ವೃದ್ಧೆಗೆ 'ನಿಮ್ಮ ತಾಯಿ ಸತ್ತು ನಲವತ್ತು ವರ್ಷವಾಯಿತು' ಎಂದು ಸತ್ಯವನ್ನು ಹೇಳಿದರೆ, ಆಕೆಯ ಪಾಲಿಗೆ ತಾಯಿಯು ಆ ಗಳಿಗೆಯಲ್ಲಿಯೇ ಸತ್ತಂತೆ. ನಾಳೆ ಮತ್ತೆ ಕೇಳುತ್ತಾಳೆ. ತಾಯಿ ಮತ್ತೆ ಸಾಯುತ್ತಾಳೆ. ಇಂಥ ಸತ್ಯದಿಂದ ಯಾರಿಗೆ ಪುಣ್ಯ?

ಈ ಪ್ರಶ್ನೆಯನ್ನು ಹಟಹಿಡಿದು ಕೇಳಿದ ಮಹಿಳೆಯ ಹೆಸರು ನೇಯೋಮಿ ಫೈಲ್. ಈಕೆ ೧೯೩೨ರಲ್ಲಿ ಜರ್ಮನಿಯ ಮ್ಯೂನಿಕ್ ನಗರದಲ್ಲಿ ಯಹೂದಿ ಮನೆತನದಲ್ಲಿ ಹುಟ್ಟಿದರು. ನಾಟ್ಸಿಗಳ ಹಾವಳಿಯಿಂದ ತಪ್ಪಿಸಿಕೊಂಡು ಕುಟುಂಬವು ಅಮೆರಿಕಕ್ಕೆ ವಲಸೆಹೋಯಿತು. ಓಹಾಯೋ ಸಂಸ್ಥಾನದ ಕ್ಲೀವ್‌ಲೆಂಡಿನಲ್ಲಿದ್ದ ಮಾಂಟೆಫಿಯೋರ್ ವೃದ್ಧಾಶ್ರಮದಲ್ಲಿ ತಂದೆ ಜೂಲಿಯಸ್ ವೈಲ್ ಅವರು ಆಡಳಿತಾಧಿಕಾರಿಗಳು. ತಾಯಿಯು ಅಲ್ಲಿಯ ಸಮಾಜಸೇವೆಯ ವಿಭಾಗದ ಮುಖ್ಯಸ್ಥೆ. ಮಗಳು ಬೆಳೆದದ್ದೂ ಅದೇ ಆಶ್ರಮದಲ್ಲಿ. ಬೇರೆ ಮಕ್ಕಳು ಬೀದಿಯಲ್ಲಿ ಆಡುವ ವಯಸ್ಸಿನಲ್ಲಿ ಈ ಹುಡುಗಿಗೆ ಮುದುಕಿಯರೇ ಒಡನಾಡಿಗಳು. ಮನೆಯಲ್ಲಿ ಅಜ್ಜ ಅಜ್ಜಿಯರೊಡನೆ ಬೆಳೆದ ನಮ್ಮವರಿಗೆ ಇದರಲ್ಲಿ ವಿಶೇಷವೇನೂ ಕಾಣದಿರಬಹುದು. ಆದರೆ ಆ ನಾಡಿನಲ್ಲಿ, ಆ ಕಾಲದಲ್ಲಿ, ಇದು ಅಪೂರ್ವವಾದ ವಿದ್ಯಾಭ್ಯಾಸ.

ಸಮಾಜಸೇವೆಯಲ್ಲಿ ಪದವಿ ಪಡೆದ ತರುವಾಯ ಫೈಲ್ ಅವರು ೧೯೬೩ರಲ್ಲಿ ಅದೇ ಆಶ್ರಮದಲ್ಲಿ ಬುದ್ಧಿ ಕದಡಿದ ವೃದ್ಧರ ನಡುವೆ ಕೆಲಸಕ್ಕೆ ತೊಡಗಿದರು. ಮೊದಲು ಅವರೂ ವಸ್ತುಸ್ಥಿತಿಯನ್ನು ತಿಳಿಸಿಕೊಡಲು ಯತ್ನಿಸಿದರು. ಕೆಲವೇ ವರ್ಷಗಳಲ್ಲಿ ಅದು ನಿಷ್ಫಲವೆಂಬುದು ಮನವರಿಕೆಯಾಯಿತು. ಆಗ ಅವರು ಮಾಡಿದ್ದೇನೆಂದರೆ, ವೃದ್ಧರನ್ನು ತಮ್ಮ ಕಾಲಕ್ಕೆ ಎಳೆದು ತರುವುದನ್ನು ಬಿಟ್ಟು, ತಾವೇ ವೃದ್ಧರ ಕಾಲಕ್ಕೆ ಹೋದರು. ತಾಯಿ ಎಲ್ಲಿ ಎಂದು ಕೇಳಿದವಳಿಗೆ ತಾಯಿಯಿದ್ದಾಳೆಂಬ ಸುಳ್ಳನ್ನೂ ಹೇಳಲಿಲ್ಲ, ಸತ್ತಳೆಂಬ ಸತ್ಯವನ್ನೂ ಹೇಳಲಿಲ್ಲ. ತಾಯಿಯು ಹೇಗಿದ್ದಳು, ಏನು ಅಡುಗೆ ಮಾಡುತ್ತಿದ್ದಳು ಎಂದು ಕೇಳತೊಡಗಿದರು. ೧೯೮೦ರ ವೇಳೆಗೆ ಈ ಪದ್ಧತಿಯು ರೂಪುಗೊಂಡು, ೧೯೮೨ರಲ್ಲಿ ಪುಸ್ತಕವಾಗಿ ಹೊರಬಂದಿತು. ಇದಕ್ಕೆ ಅವರಿಟ್ಟ ಹೆಸರು ವ್ಯಾಲಿಡೇಷನ್. ರೋಗಿಯ ಭಾವವನ್ನು ನಿಜವೆಂದು ಮನ್ನಿಸುವುದು ಎಂದು ಅರ್ಥಮಾಡಬಹುದು.

ಫೈಲ್ ಅವರ ಪತಿ ಎಡ್ವರ್ಡ್ ಫೈಲ್ ಚಲನಚಿತ್ರ ತಯಾರಕರು. ದಂಪತಿಗಳು ಕೂಡಿ ಮಾಡಿದ, ಪಾರ್ಶ್ವವಾಯುವಿನಂಥ ಕಾರಣದಿಂದ ಮಾತು ಕಳೆದುಕೊಂಡವರ ಅಂತರಂಗವನ್ನು ಚಿತ್ರಿಸುವ ೧೯೬೮ರ ಚಿತ್ರವೊಂದನ್ನು ಅಮೆರಿಕದವರು ೨೦೧೫ರಲ್ಲಿ ತಮ್ಮ ರಾಷ್ಟ್ರೀಯ ಚಿತ್ರಸಂಗ್ರಹಕ್ಕೆ ಸೇರಿಸಿಕೊಂಡಿದ್ದಾರೆ. ಆದರೆ ಫೈಲ್ ಅವರ ಹೆಸರನ್ನು ದೇಶದೇಶಗಳಿಗೆ ಒಯ್ದುದು ಬೇರೆಯವರು ತೆಗೆದ, ೨೦೦೭ರ ಒಂದು ಸಾಕ್ಷ್ಯಚಿತ್ರ. ಅದರಲ್ಲಿಯ ಕೆಲವು ನಿಮಿಷಗಳನ್ನು ಇಲ್ಲಿ ಸ್ವಲ್ಪ ವಿಸ್ತಾರವಾಗಿ ಹೇಳಬೇಕಾಗಿದೆ.

ಎಂಬತ್ತು ದಾಟಿದ ಕರಿಯ ಜನಾಂಗದ ವೃದ್ಧೆಯೊಬ್ಬಳು ಕುರ್ಚಿಯ ಮೇಲೆ ಒರಗಿದ್ದಾಳೆ. ಕಣ್ಣು ಮುಚ್ಚಿವೆ; ಮಾತು ಬಹುಮಟ್ಟಿಗೆ ನಿಂತುಹೋಗಿದೆ. ಒಂದು ಕೈ ಮಾತ್ರ ಕುರ್ಚಿಯ ತೋಳನ್ನು ತಟ್ಟುತ್ತಿರುತ್ತದೆ. ಇದನ್ನು ನೋಡಿದ ಸಾಮಾನ್ಯರು 'ರೋಗದ ಚೇಷ್ಟೆ' ಎಂದು ಹೊರಟುಹೋಗುವರು. ಫೈಲ್ ಅವರು ಆಕೆಯ ಎದುರಿಗೆ ಬಹು ಹತ್ತಿರ, ಕಣ್ಣಿಗೆ ಕಣ್ಣು ಸಮನಾಗುವಂತೆ ಕುಳಿತು, ಆಕೆಯನ್ನು ಮರ್ಯಾದೆಯಿಂದ ಮನೆತನದ ಹೆಸರು ಹಿಡಿದು ಕರೆಯುತ್ತಾರೆ. ಬಳಿಕ ತಮ್ಮ ಅಂಗೈಗಳಿಂದ ಆಕೆಯ ಎರಡು ಕೆನ್ನೆಗಳನ್ನೂ ಮೆಲ್ಲನೆ ಸವರುತ್ತಾರೆ. ಸ್ವಲ್ಪ ಹೊತ್ತಿನಲ್ಲಿ ಮುಚ್ಚಿದ ಕಣ್ಣಿನಿಂದ ನೀರು ಒಸರುತ್ತದೆ. ಆಗ ಫೈಲ್ ಅವರು ಹಾಡತೊಡಗುತ್ತಾರೆ. ಆ ಹಾಡು ಅಮೆರಿಕದ ಕ್ರೈಸ್ತ ಮಕ್ಕಳೆಲ್ಲ ಎಳವೆಯಲ್ಲಿಯೇ ಕಲಿಯುವ 'ಜೀಸಸ್ ಲವ್ಸ್ ಮಿ' ಎಂಬುದು. ಆ್ಯನಾ ವಾರ್ನರ್ ೧೮೬೦ರಲ್ಲಿ ಬರೆದ ಪದ್ಯಕ್ಕೆ ವಿಲಿಯಂ ಬ್ರಾಡ್‌ಬರಿ ೧೮೬೨ರಲ್ಲಿ ಮಟ್ಟು ಕೂಡಿಸಿದುದು. ಹಾಡುವವರು ಯಹೂದಿ, ಕೇಳುವವಳು ಕ್ರೈಸ್ತಳು. ಯಾವ ಹಾಡೆಂಬುದನ್ನು ಕೇಳುವವಳ ಬಾಲ್ಯವು ಗೊತ್ತುಮಾಡುತ್ತದೆಯೇ ಹೊರತು ಹಾಡುವವರ ಧರ್ಮವಲ್ಲ.

ಇಲ್ಲಿ ಗಮನಿಸಬೇಕಾದ ಸೂಕ್ಷ್ಮವೊಂದಿದೆ. ವೃದ್ಧೆಯ ಕೈ ಕುರ್ಚಿಯನ್ನು ತಟ್ಟುವ ಲಯ ಹೆಚ್ಚುತ್ತದೆ. ಫೈಲ್ ಅವರ ಹಾಡಿನ ಲಯವೂ ದನಿಯೂ ಅದರೊಡನೆ ಹೆಚ್ಚುತ್ತವೆ. ಕೈ ನಿಧಾನವಾದರೆ ಹಾಡೂ ನಿಧಾನವಾಗುತ್ತದೆ. ಎಂದರೆ ತಾಳ ಹಾಕುವವಳು ರೋಗಿ, ಅನುಸರಿಸುವವರು ಹಾಡುವವರು. ನಮ್ಮ ಕಛೇರಿಗಳಲ್ಲಿ ಗಾಯಕನನ್ನು ಮೃದಂಗವು ಅನುಸರಿಸುತ್ತದೆಯಷ್ಟೆ. ಇಲ್ಲಿ ಕ್ರಮವು ತಿರುಗುಮುರುಗು. ಚೇಷ್ಟೆಯೆಂದು ತೋರಿದ್ದು ತಾಳವಾಯಿತು. ಆ ಮೇಲೆ ವೃದ್ಧೆಯು ಕೈಚಾಚಿ ಫೈಲ್ ಅವರನ್ನು ತನ್ನತ್ತ ಎಳೆದುಕೊಳ್ಳುತ್ತಾಳೆ. ಕೊನೆಗೆ ಆಫ್ರಿಕನ್ ಮೂಲದ ಅಮೆರಿಕನ್ನರ ಪ್ರಸಿದ್ಧವಾದ ಭಕ್ತಿಗೀತವೊಂದನ್ನು ಹಾಡುತ್ತ ಫೈಲ್ ಅವರು ಸಾಲಿನ ನಡುವೆ ನಿಲ್ಲಿಸಿದಾಗ, ಉಳಿದ ಶಬ್ದಗಳನ್ನು ಆ ವೃದ್ಧೆಯೇ ಮೆಲುದನಿಯಲ್ಲಿ ಹಾಡಿ ಪೂರೈಸುತ್ತಾಳೆ.

ಇದನ್ನು ಪವಾಡವೆಂದು ಕೊಂಡಾಡಿದವರು ಬಹುಮಂದಿ. ನಮಗೆ ಅದು ಸರಿತೋರುವುದಿಲ್ಲ. ಆಕೆಯ ರೋಗ ಗುಣವಾಗಲಿಲ್ಲ. ಮರುದಿನ ಆಕೆಗೆ ಅದು ನೆನಪಿದ್ದಿತೆಂದು ಹೇಳಲೂ ಆಧಾರವಿಲ್ಲ. ಎಸ್ಕಿರೋಲನ ಅಳತೆಗೋಲಿನಿಂದ ನೋಡಿದರೆ ಆ ಹೊತ್ತಿನ ಲಾಭ ಸೊನ್ನೆ. ಆದರೆ ಯಾರಿಗೂ ನಿಲುಕದೆ ಇದ್ದ ಒಬ್ಬ ಮನುಷ್ಯಳು ಕೆಲವು ನಿಮಿಷಗಳ ಮಟ್ಟಿಗೆ ಮತ್ತೊಬ್ಬರ ಜೊತೆಯಲ್ಲಿ ಇದ್ದಳು. ಇದನ್ನು ಅಳೆಯಲು ಬೇರೆ ಕೋಲು ಬೇಕು.

ಫೈಲ್ ಅವರ ಎಲ್ಲ ಮಾತುಗಳನ್ನೂ ಒಪ್ಪಬೇಕಾದುದಿಲ್ಲ. ಕೆನ್ನೆಯನ್ನು ಅಂಗೈಯಿಂದ ಸವರಿದರೆ ತಾಯಿಯ ನೆನಪು ಬರುವುದು, ತಲೆಯ ಹಿಂಭಾಗವನ್ನು ಮುಟ್ಟಿದರೆ ತಂದೆಯ ನೆನಪು ಬರುವುದು, ಹೀಗೆ ದೇಹದ ಒಂದೊಂದು ಎಡೆಗೆ ಒಂದೊಂದು ಬಾಂಧವ್ಯವನ್ನು ಅವರು ಹೇಳುತ್ತಿದ್ದರು. ಇದಕ್ಕೆ ಗಟ್ಟಿಯಾದ ಪ್ರಮಾಣವಿಲ್ಲ. ಅವರ ಪದ್ಧತಿಯನ್ನು ಪರೀಕ್ಷಿಸಿದ ಪ್ರಯೋಗಗಳನ್ನೆಲ್ಲ ೨೦೦೩ರಲ್ಲಿ ಕಾಕ್ರೇನ್ ಸಂಸ್ಥೆಯವರು ಕೂಡಿಸಿ ನೋಡಿದಾಗ, ಅದು ಫಲಕಾರಿಯೆಂದಾಗಲಿ ಅಲ್ಲವೆಂದಾಗಲಿ ನಿರ್ಣಯಿಸಲು ಸಾಕಾದಷ್ಟು ಆಧಾರ ದೊರೆಯಲಿಲ್ಲ. ಹೀಗಿದ್ದರೂ ಫೈಲ್ ಅವರಲ್ಲಿ ವಿವೇಕವು ಇತ್ತೆಂಬುದಕ್ಕೆ ಒಂದು ಗುರುತನ್ನು ಹೇಳಬಹುದು. ಕಂಡಕಂಡ ವೃದ್ಧರನ್ನೆಲ್ಲ ಮುಟ್ಟಿರೆಂದು ಅವರು ಹೇಳಲಿಲ್ಲ. ರೋಗದ ಮೊದಲ ಹಂತದಲ್ಲಿರುವವನು ತನ್ನ ಘನತೆಯನ್ನು ಬಿಗಿಹಿಡಿದು ಕಾಪಾಡಿಕೊಳ್ಳುತ್ತಿರುವನು. ಅವನಿಗೆ ಪರರ ಸ್ಪರ್ಶವು ಅವಮಾನವಾಗಿ ಕಾಣುವುದುಂಟು. ಆದುದರಿಂದ ಅಲ್ಲಿ ದೂರವೇ ಲೇಸು. ಸ್ಪರ್ಶವು ಮಾತು ಸೋತ ಮೇಲಿನ ಹಂತಗಳಿಗೆ ತಕ್ಕುದು ಎಂಬುದು ಅವರ ಉಪದೇಶ. ಈಕೆ ೨೦೨೩ರಲ್ಲಿ ಕಾಲವಾದರು.

ಇದೇ ಕಾಲದಲ್ಲಿ ಫ್ರಾನ್ಸಿನಲ್ಲಿಯೂ ಒಂದು ಪ್ರಯತ್ನವು ಬೇರೆಯ ದಾರಿಯಿಂದ ಹೊರಟಿತು. ಈವ್ ಜಿನೆಸ್ತ್ ಮತ್ತು ರೋಸೆತ್ ಮರೆಸ್ಕೊತ್ತಿ ಎಂಬ ಇಬ್ಬರು ವ್ಯಾಯಾಮ ಶಿಕ್ಷಕರನ್ನು ೧೯೭೯ರಲ್ಲಿ ಆಸ್ಪತ್ರೆಗಳಿಗೆ ಕರೆಯಿಸಿದುದು ರೋಗಿಗಳ ಸಲುವಾಗಿ ಅಲ್ಲ. ರೋಗಿಗಳನ್ನು ಎತ್ತಿ ಎತ್ತಿ ಬೆನ್ನುನೋವಿಗೆ ತುತ್ತಾದ ಶುಶ್ರೂಷಕರ ಸಲುವಾಗಿ. ಹತ್ತಿರದಿಂದ ನೋಡಿದ ಅವರಿಗೆ ನೋವಿನ ಮೂಲವೇ ಬೇರೆಯಾಗಿ ಕಂಡಿತು. ಸ್ನಾನ ಮಾಡಿಸುವಾಗ, ಬಟ್ಟೆ ತೊಡಿಸುವಾಗ ರೋಗಿಯ ಮಣಿಕಟ್ಟನ್ನು ಮೇಲಿನಿಂದ ಗಕ್ಕನೆ ಹಿಡಿಯುತ್ತಿದ್ದರು. ಹಿಡಿದವರ ಮನಸ್ಸಿನಲ್ಲಿ ಏನಿದ್ದರೇನು? ಮಾತು ತಿಳಿಯದವನಿಗೆ ಆ ಹಿಡಿತದ ಅರ್ಥ ಒಂದೇ: ಯಾರೋ ತನ್ನನ್ನು ಬಂಧಿಸುತ್ತಿದ್ದಾರೆ. ಅವನು ಕೊಸರುತ್ತಾನೆ, ಹೊಡೆಯುತ್ತಾನೆ. ಕಡತದಲ್ಲಿ 'ಆಕ್ರಮಣಶೀಲ' ಎಂದು ಬರೆಯಲಾಗುತ್ತದೆ. ಮೇಲಿನಿಂದ ಹಿಡಿಯದೆ ಕೆಳಗಿನಿಂದ ಅಂಗೈ ಕೊಟ್ಟು ಆಧರಿಸಿರಿ, ಬೆರಳ ತುದಿಯಿಂದ ಮುಟ್ಟದೆ ಪೂರ್ಣ ಅಂಗೈಯಿಂದ ಮುಟ್ಟಿರಿ, ಮುಟ್ಟುವ ಮೊದಲು ಎದುರಿಗೆ ಬಂದು ಕಣ್ಣಿನಲ್ಲಿ ಕಣ್ಣಿಡಿರಿ ಎಂದು ಅವರು ಕಲಿಸಿದರು. ೨೦೧೨ರಲ್ಲಿ ಈ ಪದ್ಧತಿಯು ಜಪಾನನ್ನೂ ಮುಟ್ಟಿತು. ಮುಟ್ಟುವುದೆಂದರೆ ಪ್ರತ್ಯೇಕವಾದ ಒಂದು ಚಿಕಿತ್ಸೆಯಲ್ಲ, ದಿನದ ಸ್ನಾನ ಊಟಗಳಲ್ಲಿಯೇ ಅಡಗಿರುವುದು ಎಂಬ ತಿಳಿವು ಇವರಿಂದ ಬಂದಿತು. ಇದು ಫೈಲ್ ಅವರ ಹಾಡಿಗಿಂತ ಕಡಮೆ ಕಣ್ಸೆಳೆಯುವುದು ನಿಜ. ಬೆಲೆಯಲ್ಲಿ ಕಡಮೆಯೆಂದು ನಮಗೆ ತೋರುವುದಿಲ್ಲ.

ಸ್ನಾನವನ್ನೂ ಹಾಡನ್ನೂ ಕೂಡಿಸಿ ನೋಡಿದವರು ಸ್ವೀಡನ್ನಿನವರು. ಎವಾ ಯೋಟೆಲ್ ಎಂಬಾಕೆಯೂ ಸಂಗಡಿಗರೂ ವೃದ್ಧಾಶ್ರಮವೊಂದರಲ್ಲಿ ಬೆಳಗಿನ ಉಪಚಾರವನ್ನು ಮೂರು ರೀತಿಯಲ್ಲಿ ನಡೆಯಿಸಿ ಗಮನಿಸಿದ ವಿಷಯವು ೨೦೦೨ರಲ್ಲಿ ಪ್ರಕಟವಾಯಿತು. ಒಂದು, ಎಂದಿನಂತೆ ಮಾತನಾಡುತ್ತ. ಎರಡು, ಹಿನ್ನೆಲೆಯಲ್ಲಿ ಧ್ವನಿಮುದ್ರಿಕೆ ಹಾಕಿ. ಮೂರು, ಶುಶ್ರೂಷಕಿಯು ತಾನೇ ಹಾಡುತ್ತ. ಎಂದಿನ ರೀತಿಯಲ್ಲಿ 'ಕೈ ಎತ್ತಿ, ಈಗ ನಿಲ್ಲಿ, ಇತ್ತ ತಿರುಗಿ' ಎಂಬ ಅಪ್ಪಣೆಗಳ ಮಳೆ, ರೋಗಿಯಲ್ಲಿ ಗೊಂದಲ. ತಾನೇ ಹಾಡುವಾಗ ಶುಶ್ರೂಷಕಿಗೆ ಅಪ್ಪಣೆ ಮಾಡಲು ಬಾಯಿ ಬಿಡುವಿರುವುದಿಲ್ಲ. ಹಾಗಿದ್ದೂ ರೋಗಿಯು ಏನು ಮಾಡಬೇಕೆಂಬುದನ್ನು ಹೆಚ್ಚು ಚೆನ್ನಾಗಿ ಅರಿತುಕೊಂಡನು. ಬೆನ್ನು ನೆಟ್ಟಗಾಯಿತು, ತೋಳು ತಾನಾಗಿ ಅಂಗಿಯೊಳಕ್ಕೆ ಹೋಯಿತು. ಹಾಡುವವಳ ಕೈಗಳೂ ಮೃದುವಾದುವು. ಹಾಡು ರೋಗಿಯನ್ನು ಮಾತ್ರವಲ್ಲದೆ ಆರೈಕೆ ಮಾಡುವವಳನ್ನೂ ಬದಲಾಯಿಸುತ್ತದೆ ಎಂಬುದು ಈ ಶೋಧದಿಂದ ತಿಳಿದುಬಂದ ಹೊಸ ಮಾತು. ಹಸುವಿನ ಮುಂದೆ ಕುಳಿತು ಗುನುಗುತ್ತ ಹಾಲು ಕರೆಯುವವರಿಗೆ ಇದು ಹೊಸದಾಗಿ ತೋರಲಾರದು.

ಕೈ ಕಂಡುಕೊಂಡದ್ದಕ್ಕೆ ಕಾರಣಗಳನ್ನು ದೇಹಶಾಸ್ತ್ರಜ್ಞರು ತಡವಾಗಿ ಒದಗಿಸಿದರು. ಮೃದುವಾದ ಸ್ಪರ್ಶಕ್ಕೆ ಓಗೊಡುವ, ಬಹು ನಿಧಾನವಾಗಿ ಸುದ್ದಿ ಒಯ್ಯುವ ನರತಂತುಗಳು ಬೆಕ್ಕಿನಲ್ಲಿರುವುದನ್ನು ಸ್ವೀಡನ್ನಿನ ಸೊಟರ್‌ಮನ್ ೧೯೩೯ರಲ್ಲಿಯೇ ಕಂಡಿದ್ದರು. ಮನುಷ್ಯರಲ್ಲಿ ಅವು ಇಲ್ಲವೆಂದೇ ಹಲವರು ಬಗೆದಿದ್ದರು. ೧೯೯೦ರಲ್ಲಿ ಹುಬ್ಬಿನ ಮೇಲಣ ನರದಲ್ಲಿಯೂ, ೧೯೯೩ರಲ್ಲಿ ಮುಂದೋಳಿನಲ್ಲಿಯೂ ಅವು ಇರುವುದು ಖಚಿತವಾಯಿತು. ಈ ತಂತುಗಳು ಒಂದು ಸೆಕೆಂಡಿಗೆ ೧ರಿಂದ ೧೦ ಸೆಂಟಿಮೀಟರಿನಷ್ಟು ವೇಗದಲ್ಲಿ ಸವರಿದಾಗ ಹೆಚ್ಚಾಗಿ ಮಿಡಿಯುತ್ತವೆಂದೂ, ಜನರಿಗೆ ಹಿತವೆನಿಸುವ ವೇಗವೂ ಅದೇ ಎಂದೂ ೨೦೦೯ರಲ್ಲಿ ಗೋಥೆನ್‌ಬರ್ಗಿನ ವಿದ್ವಾಂಸರು ತೋರಿಸಿಕೊಟ್ಟರು. ಮಗುವನ್ನು ಸವರುವ ತಾಯಿಯ ಕೈಯ ವೇಗವನ್ನು ಯಾರೂ ಆಕೆಗೆ ಕಲಿಸಿರಲಿಲ್ಲ.

ಹಾಡಿನ ವಿಷಯದಲ್ಲಿ ಜರ್ಮನಿಯ ಲೈಪ್ಸಿಗ್ ನಗರದ ಶೋಧಕರು ೨೦೧೫ರಲ್ಲಿ ಪ್ರಕಟಿಸಿದ ಪರೀಕ್ಷೆಯು ಗಮನಾರ್ಹವಾದುದು. ಆರೋಗ್ಯವಂತರಾದ ೩೨ ಮಂದಿ ತರುಣರಿಗೆ ಬಹುಕಾಲದಿಂದ ಬಲ್ಲ ಹಾಡುಗಳನ್ನೂ ಹೊಸ ಹಾಡುಗಳನ್ನೂ ಕೇಳಿಸಿ, ಹಳೆಯ ಹಾಡಿನ ನೆನಪು ಮಿದುಳಿನ ಯಾವ ಎಡೆಯಲ್ಲಿ ನೆಲಸಿದೆಯೆಂಬುದನ್ನು ಮೊದಲು ಗೊತ್ತುಮಾಡಿದರು; ಆಮೇಲೆ ಆಲ್ಝೈಮರ್ ರೋಗಿಗಳ ಮಿದುಳಿನಲ್ಲಿ ಅದೇ ಎಡೆಗಳ ಸ್ಥಿತಿಯನ್ನು ನೋಡಿದರು. ಆ ಎಡೆಗಳು ಉಳಿದವುಗಳಿಗಿಂತ ಕಡಮೆ ಸವೆದಿದ್ದುವು. ಹೆಸರು, ತಾರೀಖು, ಮುಖಗಳೆಲ್ಲ ಹೋದ ಮೇಲೂ ಹಾಡು ಯಾಕೆ ಉಳಿಯುತ್ತದೆಂಬುದಕ್ಕೆ ಇದು ಒಂದು ಕಾರಣವಾಗಿರಬಹುದು.

ಇನ್ನು ಫಲವೆಷ್ಟು ಎಂದು ಕೇಳುವವರಿಗೆ ಲೆಕ್ಕಗಳೂ ಉಂಟು. ೨೦೦೨ರಲ್ಲಿ ಅಮೆರಿಕದ ರೂತ್ ರೆಮಿಂಗ್ಟನ್ ಅವರು ಚಡಪಡಿಸುವ ೬೮ ಮಂದಿ ರೋಗಿಗಳನ್ನು ನಾಲ್ಕು ಪಂಗಡಗಳಾಗಿ ಮಾಡಿ, ಒಂದಕ್ಕೆ ಶಾಂತವಾದ ಸಂಗೀತ, ಒಂದಕ್ಕೆ ಕೈಗಳ ಮರ್ದನ, ಒಂದಕ್ಕೆ ಎರಡೂ, ಒಂದಕ್ಕೆ ಏನೂ ಇಲ್ಲ, ಹೀಗೆ ಹತ್ತು ಹತ್ತು ನಿಮಿಷ ಉಪಚರಿಸಿದರು. ಮೊದಲ ಮೂರು ಪಂಗಡಗಳಲ್ಲಿಯೂ ಚಡಪಡಿಕೆ ಇಳಿದು, ಆ ಶಾಂತಿಯು ಒಂದು ಗಂಟೆಯವರೆಗೆ ನ���ಂತಿತು. ಎರಡನ್ನೂ ಕೂಡಿಸಿದುದರಿಂದ ಹೆಚ್ಚಿನ ಲಾಭವೇನೂ ಕಾಣಲಿಲ್ಲ, ಒಂದೇ ಸಾಕಾಯಿತು. ಸಂಗೀತವನ್ನು ಕುರಿತ ಅನೇಕ ಪ್ರಯೋಗಗಳನ್ನು ಕೂಡಿಸಿ ನೋಡಿದ ೨೦೧೮ರ ಕಾಕ್ರೇನ್ ವಿಮರ್ಶೆಯು, ಐದಾರು ಸಲವಾದರೂ ಸಂಗೀತೋಪಚಾರ ನಡೆದಲ್ಲಿ ಖಿನ್ನತೆಯು ಬಹುಶಃ ತಗ್ಗುವುದೆಂದೂ, ನಡವಳಿಕೆಯ ತೊಡಕುಗಳು ಒಟ್ಟಿನಲ್ಲಿ ಇಳಿಯುವುವೆಂದೂ ಹೇಳಿತು. ನೆನಪು, ಬುದ್ಧಿಶಕ್ತಿಗಳಲ್ಲಿ ಮಾತ್ರ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ. ಸುಮಾರು ಇನ್ನೂರು ವರ್ಷಗಳ ತರುವಾಯ ವಿದ್ವಾಂಸರು ಎಸ್ಕಿರೋಲನ ತೀರ್ಮಾನಕ್ಕೇ ಬಂದು ಮುಟ್ಟಿದರು. ಆದರೆ ಈ ಸಲ ಅದರ ಮೊದಲನೆಯ ಅರ್ಧವನ್ನು ಮುಂದಿಟ್ಟುಕೊಂಡರು.

ಕೊನೆಯದಾಗಿ ನಮ್ಮ ನಾಡಿನ ವಿಷಯ. ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಸುತ್ತಣ ಹಳ್ಳಿಗಳಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಮಿದುಳು ಸಂಶೋಧನ ಕೇಂದ್ರದವರು ೨೦೧೮ರಿಂದ ಹಿರಿಯರ ಮರೆವನ್ನು ಕುರಿತು ದೀರ್ಘಕಾಲದ ಶೋಧನೆಯನ್ನು ಕೈಕೊಂಡಿದ್ದಾರೆ. ಅದರ ಫಲಗಳು ವೈದ್ಯಕ್ಕೆ ಸಂಬಂಧಿಸಿದುವು. ನಮಗೆ ಸಂಬಂಧಿಸಿದ್ದು ಹಾಡು. ಯಾವ ಹಾಡು ಯಾರಿಗೆ ಎಂಬುದೇ ಇಲ್ಲಿ ತೊಡಕಾದ ಸಂಗತಿ. ಮನುಷ್ಯನಿಗೆ ಗಟ್ಟಿಯಾಗಿ ಅಂಟಿಕೊಳ್ಳುವ ನೆನಪುಗಳು ಹೆಚ್ಚಾಗಿ ಹತ್ತರಿಂದ ಮೂವತ್ತರ ವಯಸ್ಸಿನವು ಎಂದು ಮನಶ್ಶಾಸ್ತ್ರಜ್ಞರು ಕಂಡುಕೊಂಡಿದ್ದಾರೆ. ಹಲಸಂಗಿಯ ಗೆಳೆಯರು ೧೯೩೧ರಲ್ಲಿ ಗರತಿಯ ಹಾಡನ್ನು ಅಚ್ಚುಹಾಕಿಸಿದಾಗ, ಆ ಹಾಡುಗಳನ್ನು ಬೀಸುಕಲ್ಲಿನ ಮುಂದೆ ಹಾಡುತ್ತಿದ್ದ ತಾಯಂದಿರಿಗೆ ಅವೇ ಉಸಿರಾಗಿದ್ದುವು. ಆ ತಾಯಂದಿರು ಈಗಿಲ್ಲ. ಇಂದು ಎಂಬತ್ತರ ಹೊಸ್ತಿಲಲ್ಲಿರುವವರಲ್ಲಿ ಹಲವರು ಹರೆಯದಲ್ಲಿ ಕೇಳಿದ್ದು ಬೀಸುವ ಕಲ್ಲಿನ ಪದವಲ್ಲ, ರೇಡಿಯೋದ ಭಾವಗೀತ, ಟೂರಿಂಗ್ ಟಾಕೀಸಿನ ಚಿತ್ರಗೀತ. ಒಬ್ಬರಿಗೆ ದಾಸರ ಪದ, ಒಬ್ಬರಿಗೆ ವಚನ, ಒಬ್ಬರಿಗೆ ಮಸೀದಿಯ ಬಾಂಗು, ಮತ್ತೊಬ್ಬರಿಗೆ ಯಕ್ಷಗಾನದ ಭಾಗವತರ ದನಿ. ಮುದುಕರೆಂದೊಡನೆ ಎಲ್ಲರ ಕಿವಿಗೂ ಒಂದೇ ಭಜನೆಯ ಧ್ವನಿಮುದ್ರಿಕೆಯನ್ನು ಹಚ್ಚುವುದು ಕ್ಲೀವ್‌ಲೆಂಡಿನ ಪಾಠವನ್ನು ತಲೆಕೆಳಗಾಗಿ ಓದಿದಂತೆ. ಕೇಳಬೇಕಾದುದು ಮನೆಯವರನ್ನು, ಅದನ್ನೂ ಹಿರಿಯರಿಗೆ ಮಾತು ಚೆನ್ನಾಗಿರುವಾಗ ಅವರನ್ನೇ ಕೇಳಿ ಬರೆದಿಟ್ಟುಕೊಂಡರೆ ಮತ್ತೂ ಒಳ್ಳೆಯದು. ಚಿಕ್ಕಂದಿನಲ್ಲಿ ಅವ್ವ ಯಾವ ಪದ ಹಾಡುತ್ತಿದ್ದಳು, ಮದುವೆಯ ದಿನ ಯಾವ ಹಾಡು ಹಾಡಿದರು, ಕಣದಲ್ಲಿ ಯಾವ ಪದ ಕಟ್ಟುತ್ತಿದ್ದರು ಎಂಬ ಮೂರು ಪ್ರಶ್ನೆಗಳಿಗೆ ಒಂದು ಸಂಜೆ ಸಾಕು.